ಮಗುವಿಗೆ ಕ್ವಾಡ್ ಬೈಕ್ ಕೊಡಿಸುವ ಮುನ್ನ ನೋಡಬೇಕಾದದ್ದು

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಹತ್ತಿರ ಬಂದಂತೆ ಕಲಬುರಗಿಯ ಕೆಲವು ಆಟಿಕೆ ಅಂಗಡಿಗಳ ಮುಂದೆ ನಾಲ್ಕು ಗಾಲಿಯ ಪುಟ್ಟ ಮೋಟಾರು ಬೈಕುಗಳು, ಅಂದರೆ ಮಕ್ಕಳು ಈಗ ಹಟ ಹಿಡಿದು ಕೇಳುವ ಕ್ವಾಡ್ ಬೈಕುಗಳು, ಸಾಲಾಗಿ ನಿಲ್ಲತೊಡಗಿವೆ. ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ವಿಷಯ ಕಲಿಸಿ ನಿವೃತ್ತನಾದ ನನ್ನನ್ನು ಬೀಗರು, ನೆರೆಹೊರೆಯವರು, ಹಳೆಯ ವಿದ್ಯಾರ್ಥಿಗಳು ಈ ಬಗ್ಗೆ ಕೇಳುತ್ತಲೇ ಇರುತ್ತಾರೆ, ಮತ್ತು ಎಲ್ಲರ ಪ್ರಶ್ನೆಯೂ ಸಾಮಾನ್ಯವಾಗಿ ಒಂದೇ: "ಸರ್, ಎಷ್ಟು ಸಿಸಿದು ತಗೋಬೇಕು?" ಮೊದಲು ಕೇಳಬೇಕಾದ ಪ್ರಶ್ನೆ ಇದಲ್ಲ. ಮಗುವಿನ ಕಾಲು ಎಷ್ಟು ಉದ್ದ, ಬೆರಳು ಬ್ರೇಕಿಗೆ ಎಟಕುತ್ತದೆಯೇ, ಓಡಿಸುವ ನೆಲ ಎಂಥದು, ಪಕ್ಕದಲ್ಲಿ ನಿಲ್ಲುವ ದೊಡ್ಡವರು ಯಾರು ಎಂಬುದು ಗೊತ್ತಾದ ಮೇಲೆ ಸಿಸಿಯ ಮಾತು. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ತಮ್ಮ ಪತ್ರಿಕೆಯ ಮೂಲಕ ಒಮ್ಮೆ ವಿವರವಾಗಿ ತಿಳಿಸುವುದು ಒಳ್ಳೆಯದೆಂದು ಈ ಪತ್ರ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ಆಳಂದ ರಸ್ತೆಯ ಕಡೆ ಇರುವ ನನ್ನ ತಮ್ಮನ ಹೊಲದಲ್ಲಿ ನಡೆದದ್ದನ್ನು ಮೊದಲು ಹೇಳಬೇಕು. ತಮ್ಮನ ಮೊಮ್ಮಗನಿಗೆ ಆಗ ಏಳು ತುಂಬಿರಲಿಲ್ಲ. ಸೋದರಮಾವ ಕೊಡಿಸಿದ್ದ 49 ಸಿಸಿಯ ಪೆಟ್ರೋಲ್ ಕ್ವಾಡ್ ಬೈಕನ್ನು, ತೊಗರಿ ರಾಶಿ ಮುಗಿದು ಖಾಲಿಯಾಗಿದ್ದ ಕಣದಲ್ಲಿ ಅವನು ಓಡಿಸುತ್ತಿದ್ದ. ನಾನು ಬೇವಿನ ಗಿಡದ ಕೆಳಗೆ ಕುಳಿತು ನೋಡುತ್ತಿದ್ದೆ. ನಾಲ್ಕು ಸುತ್ತು ಚೆನ್ನಾಗಿಯೇ ಹೊಡೆದ. ಐದನೆಯ ಸುತ್ತಿಗೆ ಕಣದ ಅಂಚು ದಾಟಿ ಎರೆ ಹೊಲಕ್ಕೆ ಇಳಿದುಬಿಟ್ಟ. ಮುಂದಿನ ಗಾಲಿ ನೆಲದ ಬಿರುಕಿಗೆ ಸಿಕ್ಕಿ ಹ್ಯಾಂಡಲ್ ಹೊರಳಿತು, ಹುಡುಗ ಮುಂದಕ್ಕೆ ಮುಗ್ಗರಿಸಿದ, ಮುಗ್ಗರಿಸಿದವನ ಹೆಬ್ಬೆರಳು ಎಕ್ಸಲೇಟರನ್ನು ಇನ್ನಷ್ಟು ಒತ್ತಿ ಹಿಡಿಯಿತು. "ಮುತ್ಯಾ, ನಿಂದ್ರವಲ್ದು, ನಿಂದ್ರವಲ್ದು!" ಎಂದು ಕೂಗುತ್ತಲೇ ಒಡ್ಡಿನ ಮೇಲೆ ಹತ್ತಿದ; ಬೈಕು ಒಡ್ಡಿನ ಆಚೆ ಮಗ್ಗುಲಾಗಿ ಬಿತ್ತು. ಸವಾರ ಬಿದ್ದ ತಕ್ಷಣ ಎಂಜಿನ್ ಬಂದ್ ಮಾಡುವ ದಾರವೊಂದು ಆ ಬೈಕಿಗೆ ಇತ್ತು. ಆದರೆ ಅದು ಹುಡುಗನ ಮಣಿಕಟ್ಟಿನಲ್ಲಿ ಇರಲಿಲ್ಲ. ಅಡ್ಡ ಬರುತ್ತದೆ ಎಂದು ನಾವೇ ಅದನ್ನು ಹ್ಯಾಂಡಲಿಗೆ ಸುತ್ತಿಟ್ಟಿದ್ದೆವು. ನಾನು ಓಡಿ ಮುಟ್ಟುವಷ್ಟರಲ್ಲಿ ಅವನ ಎಡಗಾಲು ಬಿಸಿ ಸೈಲೆನ್ಸರಿನ ಕೆಳಗಿತ್ತು, ಹಿಂದಿನ ಗಾಲಿ ಇನ್ನೂ ತಿರುಗುತ್ತಿತ್ತು. ಎಲುಬಿಗೆ ಏನೂ ಆಗಲಿಲ್ಲ ಎಂಬುದು ನಮ್ಮ ಪುಣ್ಯ. ಮೀನಖಂಡದ ಮೇಲೆ ಐದು ರೂಪಾಯಿ ನಾಣ್ಯದಷ್ಟು ಅಗಲದ ಸುಟ್ಟ ಗುರುತು ಇಂದಿಗೂ ಇದೆ. ಚಡ್ಡಿಯಲ್ಲೇ ಹತ್ತಿಸಿ ಕೂರಿಸಿದ್ದೂ ನಾವೇ.

ಮರುದಿನ ಆ ಬೈಕನ್ನು ತೊಗರಿ ಚೀಲ ತೂಗುವ ಕಾಂಟಾದ ಮೇಲೆ ಇಟ್ಟು ನೋಡಿದೆ. 41 ಕಿಲೋ ಬಂತು. ಹುಡುಗನನ್ನು ನಿಲ್ಲಿಸಿದಾಗ 20 ಕಿಲೋ. ತನಗಿಂತ ಎರಡು ಪಟ್ಟು ಭಾರವಾದ ಕಬ್ಬಿಣವನ್ನು ಮೈಮೇಲಿಂದ ತಾನೇ ಎತ್ತಿ ಸರಿಸಲಾಗದ ಮಗುವಿಗೆ ಅದನ್ನು "ಆಟಿಕೆ" ಎಂದು ಕೊಟ್ಟಿದ್ದೆವು. ಹೆಸರಾಂತ ಕಂಪನಿಗಳ ಮಾದರಿಗಳು ಇದಕ್ಕಿಂತ ಗಟ್ಟಿ, ಬ್ರೇಕೂ ಚೆನ್ನ, ನೆಲದ ಮೇಲೆ ನಿಲ್ಲುವುದೂ ಭದ್ರ. ಆದರೆ ಅವು ಇನ್ನೂ ಭಾರ. ಯಮಾಹಾ ಕಂಪನಿ ಆರು ವರ್ಷ ಮೇಲ್ಪಟ್ಟವರಿಗೆಂದು ಮಾಡಿದ ವೈಎಫ್‌ಝಡ್ 50 ಎಂಬ ಮಾದರಿ ಹೆಚ್ಚುಕಡಿಮೆ 100 ಕಿಲೋ, ಅಂದರೆ ಒಂದು ಕ್ವಿಂಟಲ್ ತೂಗುತ್ತದೆ. ಆದ್ದರಿಂದ ದುಬಾರಿ ಬೈಕು ಕೊಂಡರೆ ಚಿಂತೆ ಇಲ್ಲ ಎಂದು ಭಾವಿಸಬಾರದು.

ಯಾವ ವಯಸ್ಸಿಗೆ ಕೊಡಬಹುದು ಎಂಬಲ್ಲಿ ಬಲ್ಲವರಲ್ಲೇ ಎರಡು ಮಾತಿದೆ. ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆಯಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, 16 ವರ್ಷದ ಒಳಗಿನವರು ಇಂಥ ವಾಹನ ಓಡಿಸಲೇಬಾರದು ಎನ್ನುತ್ತದೆ. ಅದೇ ದೇಶದಲ್ಲಿ ತಯಾರಕರು ಪಾಲಿಸಬೇಕಾದ ಮಾನದಂಡ ಮಾತ್ರ 6, 10, 12 ವರ್ಷ ಮೇಲ್ಪಟ್ಟವರಿಗೆ ಬೇರೆ ಬೇರೆ ವರ್ಗಗಳನ್ನು ಮಾಡಿಕೊಟ್ಟಿದೆ: ಆರು ವರ್ಷದ ವರ್ಗದ ಬೈಕು ಯಾವ ಕಾರಣಕ್ಕೂ ಗಂಟೆಗೆ 24 ಕಿಲೋಮೀಟರ್ ದಾಟಬಾರದು, ಮಾರುವಾಗಲೇ ಅದನ್ನು 16 ಕಿಲೋಮೀಟರ್‌ಗೆ ಬಿಗಿದು ಕೊಡಬೇಕು, ಆ ಬಿಗಿತವನ್ನು ಸಡಿಲಿಸುವುದು ಹೆತ್ತವರ ಕೈಯಲ್ಲಿ ಇರಬೇಕು, ಮಗುವಿನ ಕೈಯಲ್ಲಿ ಅಲ್ಲ. ವೈದ್ಯರು ನೋಡುವುದು ಗಾಯಗೊಂಡು ಬಂದ ಮಕ್ಕಳನ್ನು, ತಯಾರಕರು ನೋಡುವುದು ಮಾರಾಟವನ್ನು. ಹೀಗಾಗಿ ನನ್ನ ಮನಸ್ಸು ವೈದ್ಯರ ಕಡೆಗೇ ವಾಲುತ್ತದೆ. ಆದರೂ ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಕೊಂಡೇ ಕೊಳ್ಳುವ ಮನೆಗಳು ನಮ್ಮಲ್ಲಿ ಇವೆ ಎಂಬುದು ನನಗೆ ಗೊತ್ತು, ಮತ್ತು ಅವರಿಗೆ ಬರೀ "ಬೇಡ" ಎಂದು ಹೇಳಿ ಸುಮ್ಮನಾದರೆ ಅವರು ಅಂಗಡಿಯವನ ಮಾತು ಕೇಳಿ ಕೊಳ್ಳುತ್ತಾರೆ. ಆರು ತುಂಬದ ಮಗುವಿಗೆ ಎಂಜಿನ್ ಇರುವುದು ಯಾವ ಕಾರಣಕ್ಕೂ ಬೇಡ. ಇಲ್ಲಿ ಚೌಕಾಸಿಗೆ ಜಾಗವಿಲ್ಲ. ಅದರ ಮೇಲಿನ ಮಕ್ಕಳಿಗೆ ಕೊಡುವುದೇ ಆದರೆ ಹೇಗೆ ಆರಿಸಬೇಕು ಎಂಬುದು ಮುಂದಿನ ಮಾತು.

ಆರರ ಒಳಗಿನ ಮಗುವಿಗೆ, ನಡಿಗೆಯ ವೇಗದಲ್ಲಿ ಸಾಗುವ, 6 ಅಥವಾ 12 ವೋಲ್ಟ್ ಬ್ಯಾಟರಿಯ ಕೂತು ಓಡಿಸುವ ಆಟಿಕೆ ಸಾಕು. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯವಾಗಿದೆ. ವಿದ್ಯುತ್ ಆಟಿಕೆಯಾದರೆ ಆ ಗುರುತಿನ ಜೊತೆ ಐಎಸ್ 15644 ಎಂಬ ಸಂಖ್ಯೆ ಇದೆಯೇ ಎಂದು ಡಬ್ಬಿಯ ಮೇಲೆ ನೋಡಬಹುದು. ಪೆಟ್ರೋಲ್ ಕ್ವಾಡ್‌ಗೆ ಈ ರಕ್ಷಣೆಯ ಭರವಸೆ ಇಟ್ಟುಕೊಳ್ಳಬಾರದು. ಯುರೋಪಿನ 2009ರ ಆಟಿಕೆ ಸುರಕ್ಷತಾ ನಿಯಮವಂತೂ ಎಂಜಿನ್ ಇರುವ ಪುಟ್ಟ ವಾಹನಗಳನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ. ಬ್ಯಾಟರಿಯ ಬೈಕು ಅಂದ ಮಾತ್ರಕ್ಕೆ ನಿರ್ಭಯವೂ ಅಲ್ಲ, ಏಕೆಂದರೆ 36 ವೋಲ್ಟಿನ ದೊಡ್ಡ ಮಾದರಿಗಳು ಪೆಟ್ರೋಲ್ ಬೈಕಿನಷ್ಟೇ ಜೋರಾಗಿ ಓಡುತ್ತವೆ ಮತ್ತು ಸದ್ದಿಲ್ಲದೆ ಒಮ್ಮೆಲೇ ಜಿಗಿಯುತ್ತವೆ. ಆದರೆ ಅವುಗಳಲ್ಲಿ ಸುಡುವ ಸೈಲೆನ್ಸರ್ ಇಲ್ಲ, ಪೆಟ್ರೋಲ್ ಚೆಲ್ಲುವುದಿಲ್ಲ, ವೇಗದ ಮಟ್ಟವನ್ನು ಬೀಗದ ಕೈಯಿಂದ ಕೆಳಗಿಳಿಸಿ ಬೀಗ ಹಾಕುವ ಮಾದರಿಗಳೂ ಸಿಗುತ್ತವೆ. ಆರರಿಂದ ಹತ್ತರವರೆಗಿನ ಮಗುವಿಗೆ ನಾನಾದರೆ ಇಂಥದನ್ನೇ ಆರಿಸುತ್ತೇನೆ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಓಡಿಸಿ ತಂದ ತಕ್ಷಣ ಚಾರ್ಜಿಗೆ ಹಾಕದೆ, ನೆರಳಿನಲ್ಲಿ ಆರಲು ಬಿಟ್ಟು, ದೊಡ್ಡವರು ಎಚ್ಚರವಿರುವಾಗ ಮಾತ್ರ ಚಾರ್ಜ್ ಮಾಡಬೇಕು.

ಅಂಗಡಿಗೆ ಮಗುವನ್ನು ಕರೆದುಕೊಂಡೇ ಹೋಗಬೇಕು. ಬಣ್ಣ ಆರಿಸಲಿಕ್ಕಲ್ಲ, ಅಳತೆ ನೋಡಲಿಕ್ಕೆ. ಮಗುವನ್ನು ಬೈಕಿನ ಎರಡೂ ಪಾದಪಟ್ಟಿಗಳ ಮೇಲೆ ಎದ್ದು ನಿಲ್ಲಿಸಿದಾಗ ಸೀಟಿಗೂ ತೊಡೆಯ ಸಂದಿಗೂ ನಡುವೆ 8ರಿಂದ 15 ಸೆಂಟಿಮೀಟರ್ ಅಂತರ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಉಬ್ಬುತಗ್ಗಿನಲ್ಲಿ ಎದ್ದು ನಿಂತು ಮೈ ವಾಲಿಸಲು ಆಗುವುದಿಲ್ಲ, ಹೆಚ್ಚಿದ್ದರೆ ಬೈಕು ಮಗುವಿಗೆ ಚಿಕ್ಕದು. ಕೂತು ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ಹೊರಳಿಸಿದಾಗ ಬೆನ್ನು ಬಾಗಬಾರದು, ಮೊಣಕೈ ನೇರವಾಗಿ ಎಳೆದುಕೊಳ್ಳಬಾರದು. ಹಿಡಿಕೆ ಹಿಡಿದ ಕೈಯ ಬೆರಳುಗಳ ಮೊದಲ ಗಿಣ್ಣು ಬ್ರೇಕ್ ಲಿವರನ್ನು ದಾಟಬೇಕು. ಲಿವರ್ ಬೆರಳ ತುದಿಗೆ ಮಾತ್ರ ಸಿಗುತ್ತಿದ್ದರೆ ಆ ಮಗುವಿನ ಮಟ್ಟಿಗೆ ಆ ಬೈಕಿಗೆ ಬ್ರೇಕೇ ಇಲ್ಲ. "ಮುಂದಿನ ವರ್ಷ ಬೆಳೀತಾನೆ, ದೊಡ್ಡದೇ ಇರಲಿ" ಎಂದು ಸ್ಕೂಲ್ ಯೂನಿಫಾರ್ಮ್ ಕೊಂಡಂತೆ ಬೈಕು ಕೊಳ್ಳಬಾರದು.

ಆಮೇಲೆ ಯಂತ್ರದ ಪರೀಕ್ಷೆ. ಅಂಗಡಿಯವರು ಬೇಸರ ಮಾಡಿಕೊಂಡರೂ ಚಿಂತೆಯಿಲ್ಲ, ಹಿಂದಿನ ಭಾಗದ ಕೆಳಗೆ ಕಟ್ಟಿಗೆಯ ತುಂಡು ಇಟ್ಟು ಹಿಂದಿನ ಎರಡೂ ಗಾಲಿ ನೆಲ ಬಿಡುವಂತೆ ಮಾಡಿಸಿ, ಚಾಲೂ ಮಾಡಿಸಿ. ಎಕ್ಸಲೇಟರನ್ನು ಹೆಬ್ಬೆರಳಿನಿಂದ ಪೂರ್ತಿ ಒತ್ತಿ ಥಟ್ಟನೆ ಬಿಟ್ಟರೆ ಅದು ತಾನಾಗಿ ಟಕ್ ಎಂದು ಹಿಂದಕ್ಕೆ ಬರಬೇಕು. ನಿಧಾನವಾಗಿ ತೆವಳಿಕೊಂಡು ಬಂದರೆ ಕೇಬಲ್ ಬಿಗಿದಿದೆ ಎಂದು ಅರ್ಥ, ಅಂಥದನ್ನು ಕೊಳ್ಳಬಾರದು. ಎಂಜಿನ್ ನಿಧಾನ ತಿರುಗುತ್ತಿರುವಾಗ ಹ್ಯಾಂಡಲನ್ನು ಎರಡೂ ಕಡೆ ಕೊನೆಯವರೆಗೆ ಹೊರಳಿಸಿ ಕಿವಿಗೊಟ್ಟು ಕೇಳಿ. ಹೊರಳಿಸಿದಾಗ ಎಂಜಿನ್ನಿನ ಸದ್ದು ಏರಿದರೆ ಕೇಬಲ್ ಗಿಡ್ಡವಾಗಿದೆ, ಅಥವಾ ಎಲ್ಲೋ ಸಿಕ್ಕಿಕೊಂಡಿದೆ. ತಿರುವಿನಲ್ಲಿ ಮಗು ಒತ್ತದೆಯೇ ಬೈಕು ಜೋರಾಗುತ್ತದೆ. ನಂತರ ಮಣಿಕಟ್ಟಿಗೆ ಕಟ್ಟುವ ದಾರವನ್ನು ಎಳೆದು ನೋಡಿ, ಎಂಜಿನ್ ಅದೇ ಕ್ಷಣ ನಿಲ್ಲಬೇಕು. ಹೆತ್ತವರ ಕೈಯಲ್ಲಿರುವ ರಿಮೋಟಿನಿಂದ ನಿಲ್ಲಿಸುವ ಸೌಲಭ್ಯ ಇದ್ದರೆ ಒಳ್ಳೆಯದೇ, ಆದರೆ ಅದು ಎಷ್ಟು ದೂರದಿಂದ ಕೆಲಸ ಮಾಡುತ್ತದೆ ಎಂಬುದನ್ನು ಹೆಜ್ಜೆ ಅಳೆದು ನೋಡಿಯೇ ನಂಬಬೇಕು. ರಿಮೋಟ್ ಇದೆ ಎಂದು ದಾರ ಬಿಚ್ಚಿಡುವಂತಿಲ್ಲ.

ವೇಗಕ್ಕೆ ಮಿತಿ ಹಾಕುವ ಸ್ಕ್ರೂ ಎಕ್ಸಲೇಟರಿನ ಡಬ್ಬಿಯಲ್ಲೇ ಇರುತ್ತದೆ. ಅದನ್ನು ಒಳಕ್ಕೆ ತಿರುಗಿಸಿದಷ್ಟೂ ಹೆಬ್ಬೆರಳು ಒತ್ತುವ ದೂರ ಕಡಿಮೆಯಾಗುತ್ತದೆ. ಅದು ಎಲ್ಲಿದೆ ಎಂದು ಅಂಗಡಿಯವರಿಂದ ಕೇಳಿ ತಿಳಿದುಕೊಂಡು, ನಿಮ್ಮ ಕೈಯಾರೆ ಬಿಗಿದು, ನಟ್ಟಿನ ಮೇಲೆ ಒಂದು ತೊಟ್ಟು ಬಣ್ಣ ಹಚ್ಚಿಡಿ. ಯಾರಾದರೂ ಬಿಚ್ಚಿದರೆ ಬಣ್ಣ ಒಡೆದು ಗೊತ್ತಾಗುತ್ತದೆ. ಕೆಲವು ಹುಡುಗರು ಉಪಕಾರ ಮಾಡುವಂತೆ "ಸ್ವಲ್ಪ ಸ್ಪೀಡ್ ಮಾಡಿ ಕೊಡ್ತೀವ್ರೀ" ಎಂದು ಮಿತಿಯನ್ನು ತೆಗೆದೇ ಕೊಡುತ್ತಾರೆ. ಎಷ್ಟಕ್ಕೆ ಬಿಗಿಯಬೇಕು ಎಂದರೆ, ಪಕ್ಕದಲ್ಲಿರುವ ದೊಡ್ಡವರು ಓಡಿ ಹಿಡಿಯುವಷ್ಟು. ಮೇಲೆ ಹೇಳಿದ 16 ಕಿಲೋಮೀಟರ್ ಮಿತಿಯೇ ನನಗೆ ಹೆಚ್ಚು ಅನ್ನಿಸುತ್ತದೆ, ಏಕೆಂದರೆ ಆ ವೇಗದಲ್ಲಿ ಬೈಕು ಸೆಕೆಂಡಿಗೆ ಸುಮಾರು ನಾಲ್ಕೂವರೆ ಮೀಟರ್ ಸಾಗುತ್ತದೆ. ಹೆದರಿದ ಮಗು ಬ್ರೇಕ್ ನೆನಪು ಮಾಡಿಕೊಳ್ಳಲು ಒಂದು ಸೆಕೆಂಡ್ ತೆಗೆದುಕೊಂಡರೂ ಅಷ್ಟರಲ್ಲಿ ಒಂದು ಕೋಣೆಯ ಉದ್ದ ದಾಟಿರುತ್ತದೆ. 24 ಕಿಲೋಮೀಟರ್ ವೇಗಕ್ಕೆ ಏರಿದರೆ ಡಿಕ್ಕಿಯ ಹೊಡೆತ ಎರಡು ಪಟ್ಟಿಗೂ ಮಿಗಿಲಾಗುತ್ತದೆ. ಮೊದಲ ಒಂದೆರಡು ತಿಂಗಳು 8 ಕಿಲೋಮೀಟರ್ ಸಾಕು.

ಇನ್ನು ಕಣ್ಣಿಗೆ ಕಾಣುವ ಭಾಗಗಳು. ಚೈನಿಗೆ ಪೂರ್ತಿ ಕವರ್ ಇರಬೇಕು, ಸೈಲೆನ್ಸರಿಗೆ ಶಾಖ ತಡೆಯುವ ತಗಡು ಇರಬೇಕು, ಪಾದ ಇಡುವ ಜಾಗ ಬರೀ ಸರಳಾಗಿರದೆ ಅಗಲವಾದ ತಟ್ಟೆಯಂತಿದ್ದು, ಪಾದ ಜಾರಿ ಹಿಂದಿನ ಗಾಲಿಗೆ ಸಿಗದಂತೆ ಅಡ್ಡಪಟ್ಟಿ ಇರಬೇಕು. ಕ್ಲಚ್, ಗೇರುಗಳ ಗೊಡವೆ ಮಗುವಿಗೆ ಬೇಡ. ಮೂರು ಗಾಲಿಯ ಹಳೆಯ ಮಾದರಿ ಎಲ್ಲಾದರೂ ಅಗ್ಗಕ್ಕೆ ಸಿಕ್ಕರೂ ಮುಟ್ಟಬಾರದು; ಅವು ಪಲ್ಟಿ ಹೊಡೆಯುತ್ತವೆಂದೇ ಅಮೆರಿಕದಲ್ಲಿ 1988ರಲ್ಲಿ ಅವುಗಳ ಮಾರಾಟ ನಿಂತಿತು. ಸೀಟು ಉದ್ದ ಇದೆಯೆಂದು ಹಿಂದೆ ತಂಗಿಯನ್ನು ಕೂರಿಸುವವರನ್ನು ಕಂಡಿದ್ದೇನೆ. ಸೀಟು ಉದ್ದ ಇರುವುದು ಸವಾರ ಹಿಂದೆ ಮುಂದೆ ಸರಿದು ತೂಕ ಸರಿಪಡಿಸಲಿಕ್ಕೆ, ಇನ್ನೊಬ್ಬರಿಗಲ್ಲ. ಹಿಂದೆ ಭಾರ ಬಿದ್ದರೆ ಮುಂದಿನ ಗಾಲಿಗಳು ಹಗುರಾಗಿ ಹ್ಯಾಂಡಲ್ ಮಾತು ಕೇಳುವುದಿಲ್ಲ.

ನೆಲದ ವಿಷಯಕ್ಕೆ ನಮ್ಮ ಭಾಗದವರು ಹೆಚ್ಚು ಗಮನ ಕೊಡಬೇಕು. ಈ ಪುಟ್ಟ ಬೈಕುಗಳಲ್ಲಿ ಹಿಂದಿನ ಎರಡೂ ಗಾಲಿಗಳು ಸಾಮಾನ್ಯವಾಗಿ ಒಂದೇ ಗಟ್ಟಿ ಎಕ್ಸೆಲ್ಲಿಗೆ, ಅಂದರೆ ಅಚ್ಚಿಗೆ, ಕೂಡಿರುತ್ತವೆ. ಕಾರಿನಲ್ಲಿ ತಿರುವಿನ ಹೊರಗಾಲಿ ಹೆಚ್ಚು, ಒಳಗಾಲಿ ಕಡಿಮೆ ಸುತ್ತಲು ಡಿಫರೆನ್ಷಿಯಲ್ ಎಂಬ ಗೇರು ಜೋಡಣೆ ಇರುತ್ತದೆ. ಇದರಲ್ಲಿ ಅದಿಲ್ಲದ್ದರಿಂದ ಎರಡೂ ಗಾಲಿ ಒಂದೇ ಸಮ ತಿರುಗುತ್ತವೆ. ಮಣ್ಣಿನಲ್ಲಿ ಒಂದು ಗಾಲಿ ಸ್ವಲ್ಪ ಜಾರಿ ತಿರುವು ದಕ್ಕುತ್ತದೆ. ಡಾಂಬರು, ಸಿಮೆಂಟು ಅಥವಾ ನಮ್ಮ ಮನೆಯಂಗಳದ ಶಹಾಬಾದ ಕಲ್ಲಿನ ಮೇಲೆ ಗಾಲಿ ಜಾರದೆ ಹಿಡಿದುಕೊಳ್ಳುತ್ತದೆ. ಆಗ ಬೈಕು ತಿರುಗಲು ಒಪ್ಪದೆ ನೇರಕ್ಕೆ ಹೋಗುತ್ತದೆ, ಇಲ್ಲವೇ ಒಳಗಾಲಿ ಎತ್ತಿ ಮಗ್ಗುಲಾಗುತ್ತದೆ. ನಯವಾದ ಅಂಗಳವೇ ಸುರಕ್ಷಿತ ಎಂದು ನಾವು ಅಂದುಕೊಳ್ಳುವುದು ಈ ವಾಹನದ ಮಟ್ಟಿಗೆ ತಿರುಗುಮುರುಗು. ಹಾಗೆಂದು ಎರೆ ಹೊಲವೂ ಅಲ್ಲ: ಬೇಸಿಗೆಯಲ್ಲಿ ಬಿರುಕು, ಮಳೆಗಾಲದಲ್ಲಿ ಗಾಲಿ, ಬ್ರೇಕು, ಕೇಬಲಿಗೆಲ್ಲ ಮೆತ್ತಿಕೊಳ್ಳುವ ಅಂಟು. ಕಲಬುರಗಿ, ಯಾದಗಿರಿ ಕಡೆ ಎರೆ ಭೂಮಿಯೇ ಹೆಚ್ಚು, ಬೀದರಿನ ಕೆಂಪು ನೆಲ ಇದಕ್ಕಿಂತ ವಾಸಿ. ಗರಸು ಮಣ್ಣು ಹಾಕಿ ಸಮ ಮಾಡಿದ, ಕಲ್ಲು, ಒಡ್ಡು, ಬಾವಿ, ಕಂಬ ಯಾವುದೂ ಹತ್ತಿರವಿಲ್ಲದ, ಸುತ್ತ ಹಳೆಯ ಟಯರುಗಳನ್ನು ಇಟ್ಟು ಗಡಿ ಮಾಡಿದ ಜಾಗ ಬೇಕು. ಇಂಥ ಜಾಗ ಇಲ್ಲದವರು ಬೈಕು ಕೊಳ್ಳುವ ವಿಚಾರವನ್ನೇ ಬಿಡುವುದು ಲೇಸು. ಕೊಂಡು ತಂದ ಬೈಕು ಎರಡು ದಿನ ಅಂಗಳದಲ್ಲಿದ್ದು ಮೂರನೇ ದಿನ ಬೀದಿಗೆ ಇಳಿಯುತ್ತದೆ.

ಬೀದಿಗೆ ಇಳಿದರೆ ಕಾನೂನು ಬರುತ್ತದೆ. 25 ಸಿಸಿ ಒಳಗಿನ ಎಂಜಿನ್ನಿಗೆ ಮೋಟಾರು ವಾಹನ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಕೆಲವರು ಹೇಳುತ್ತಾರೆ. 1988ರ ಆ ಕಾಯ್ದೆಯಲ್ಲಿ ಆ ವಿನಾಯಿತಿ ಇರುವುದು ನಾಲ್ಕಕ್ಕಿಂತ ಕಡಿಮೆ ಗಾಲಿಯ ವಾಹನಕ್ಕೆ, ಕ್ವಾಡ್ ಬೈಕಿಗೆ ಗಾಲಿ ನಾಲ್ಕು. 2019ರ ತಿದ್ದುಪಡಿಯಿಂದ ಸೇರಿದ 199ಎ ಕಲಮಿನ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ಆಗಬಹುದು, ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಹೊಲ ನಮ್ಮದೇ ಆದರೂ ಹೊಲಕ್ಕೆ ಹೋಗುವ ಬಂಡಿದಾರಿ ಊರಿನವರೆಲ್ಲ ತಿರುಗಾಡುವ ದಾರಿ ಎಂಬುದನ್ನು ಮರೆಯಬಾರದು.

ಹೆಲ್ಮೆಟ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಆದರೆ ಅಪ್ಪನ ಹೆಲ್ಮೆಟ್ ಮಗುವಿಗೆ ಹಾಕುವುದು ಹಾಕದಿದ್ದಂತೆಯೇ. ಹುಬ್ಬಿನ ಮೇಲೆ ಒಂದು ಬೆರಳು ಬಿಟ್ಟು ಟೇಪಿನಿಂದ ತಲೆಯ ಸುತ್ತಳತೆ ತೆಗೆದು ಅದೇ ಅಳತೆಯ, ಐಎಸ್ಐ ಗುರುತಿನ, ಗದ್ದ ಮುಚ್ಚುವ ಹೆಲ್ಮೆಟ್ ಕೊಳ್ಳಬೇಕು. ಪಟ್ಟಿ ಬಿಗಿದ ಮೇಲೆ ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ತಲೆಯ ಜೊತೆಯಲ್ಲೇ ಅಲ್ಲಾಡಬೇಕು. ಉದ್ದ ಪ್ಯಾಂಟು, ಪಾದದ ಗಿಣ್ಣು ಮುಚ್ಚುವ ಶೂ, ಕೈಗವಸು ಇಷ್ಟೂ ಸೇರಿಸಿ ಬೆಲೆ ಲೆಕ್ಕ ಹಾಕಿ. ಬೈಕಿಗೆ ಹಣವಿದ್ದು ಇದಕ್ಕೆ ಇಲ್ಲ ಎನ್ನುವುದಾದರೆ ಬೈಕಿಗೂ ಇಲ್ಲ ಎಂದೇ ತಿಳಿಯಬೇಕು.

ಕೊನೆಯದಾಗಿ ಮಹಾನಗರ ಪಾಲಿಕೆ, ಪೊಲೀಸ್ ಇಲಾಖೆ ಮತ್ತು ಜಾತ್ರೆ, ಉರುಸುಗಳ ವ್ಯವಸ್ಥೆ ನೋಡುವ ಸಮಿತಿಗಳಲ್ಲಿ ಒಂದು ವಿನಂತಿ. ಮನೆಯಲ್ಲಿ ಎಷ್ಟು ಎಚ್ಚರ ವಹಿಸಿದರೂ, ಮಗು ಮೊದಲ ಬಾರಿಗೆ ಕ್ವಾಡ್ ಬೈಕು ಹತ್ತುವುದು ಬಹುಪಾಲು ಇಂಥ ಮೈದಾನಗಳಲ್ಲಿ, ಐದು ನಿಮಿಷದ ಬಾಡಿಗೆಗೆ, ತಲೆಗೆ ಏನೂ ಇಲ್ಲದೆ, ತಿನಿಸಿನ ಬಂಡಿಗಳ ಮತ್ತು ಜನರ ನಡುವೆ. ಹೋಳಿ ಹುಣ್ಣಿಮೆಯ ನಂತರ ಬರುವ ಶರಣಬಸವೇಶ್ವರ ಜಾತ್ರೆಯ ಹೊತ್ತಿಗಾದರೂ, ಇಂಥ ಆಟಕ್ಕೆ ಪರವಾನಗಿ ಕೊಡುವಾಗ ಆರು ವರ್ಷದೊಳಗಿನವರನ್ನು ಎಂಜಿನ್ ಬೈಕಿಗೆ ಹತ್ತಿಸಬಾರದು, ಬಗೆಬಗೆ ಅಳತೆಯ ಹೆಲ್ಮೆಟ್ ಇಟ್ಟಿರಬೇಕು, ಮಣ್ಣಿನ ನೆಲಕ್ಕೆ ಸುತ್ತ ಬೇಲಿ ಇರಬೇಕು, ಒಂದು ಬೈಕಿಗೆ ಒಬ್ಬ ಆಳು ಜೊತೆಗೇ ನಡೆಯಬೇಕು, ನಿಲ್ಲಿಸುವ ದಾರ ಮಗುವಿನ ಮಣಿಕಟ್ಟಿನಲ್ಲೇ ಇರಬೇಕು ಎಂಬ ಷರತ್ತುಗಳನ್ನು ಬರೆದು ಕೊಡಲಿ, ಸಂಜೆ ಜನ ಸೇರುವ ಹೊತ್ತಿಗೆ ಒಮ್ಮೆ ಹೋಗಿ ನೋಡಲಿ. ಪಾಲಿಕೆಯವರು ಬಯಸಿದರೆ ಆ ಬೈಕುಗಳ ಎಕ್ಸಲೇಟರ್, ಬ್ರೇಕು, ದಾರಗಳನ್ನು ಮುಂಚಿತವಾಗಿ ಒಂದೊಂದಾಗಿ ಪರೀಕ್ಷಿಸಿಕೊಡಲು ನಾನೂ ನನ್ನ ಕೆಲವು ಹಳೆಯ ವಿದ್ಯಾರ್ಥಿಗಳೂ ಯಾವ ಸಂಭಾವನೆಯೂ ಇಲ್ಲದೆ ಬರಲು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಆಟೊಮೊಬೈಲ್ ಉಪನ್ಯಾಸಕ, ಕಲಬುರಗಿ